ಚಿಕ್ಕಮುನಿಯಮ್ಮನ ಟ್ರ್ಯಾಕ್ಟರಿನ ಮೂಗು

ಚಿಕ್ಕಮುನಿಯಮ್ಮ ಏರ್ ಫಿಲ್ಟರ್ ಎಂಬ ಮಹಾನುಭಾವನನ್ನು ಮೊದಲ ಸಲ ಕಂಡದ್ದು ತನ್ನ ಮನೆಯಂಗಳದಲ್ಲೇ, ಒಂದು ಸೋಮವಾರದ ಬೆಳಿಗ್ಗೆ.

ಬೊಮ್ಮಸಂದ್ರದ ಫ್ಯಾಕ್ಟರಿಗಳ ಬೆನ್ನಿಗೇ ಅಂಟಿಕೊಂಡಿದ್ದ ಮನೆ ಅದು. ಹೊಲವಿದ್ದ ಕಡೆ ಫ್ಯಾಕ್ಟರಿ ಎದ್ದ ಮೇಲೆ, ಉಳುತ್ತಿದ್ದ ಟ್ರ್ಯಾಕ್ಟರು ಹಿಂದೆ ನೀರಿನ ಟ್ಯಾಂಕರು ಕಟ್ಟಿಕೊಂಡು ಅಪಾರ್ಟ್‌ಮೆಂಟುಗಳಿಗೆ ನೀರು ಹೊರತೊಡಗಿತ್ತು. ಓಡಿಸುವವನು ಮೈದುನ ಶ್ಯಾಮಣ್ಣ. ಕೊಂಡು ತಂದವರು ಚಿಕ್ಕಮುನಿಯಮ್ಮನ ಯಜಮಾನರು. ಅವರು ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ, ಗೇಟಿನ ಹತ್ತಿರ ಟ್ರ್ಯಾಕ್ಟರು ಗುಡುಗಿದ ಕೂಡಲೇ ಎದ್ದು ಸಾರು ಬಿಸಿಗಿಡುವ ಅಭ್ಯಾಸ ಆಕೆಗೆ ಹೋಗಿರಲಿಲ್ಲ.

ಅವತ್ತು ಅದು ಗುಡುಗಲಿಲ್ಲ, ಕೆಮ್ಮಿತು! ಒಂದೊಂದು ಕೆಮ್ಮಿಗೂ ಒಂದೊಂದು ಮೂಟೆ ಕರಿ ಹೊಗೆ. ಹಗ್ಗದ ಮೇಲೆ ಒಣಗುತ್ತಿದ್ದ ಬಿಳಿ ಪಂಚೆ ನೋಡುನೋಡುತ್ತಲೇ ಶಬರಿಮಲೆಗೆ ಹೊರಟು ನಿಂತಿತು.

ಶ್ಯಾಮಣ್ಣ ಕೆಳಗಿಳಿದು ತಲೆ ಅಲ್ಲಾಡಿಸಿದ. "ಅತ್ಗೆ, ಇದ್ರ ಕತೆ ಮುಗೀತು. ಶುಕ್ರವಾರ ಗುಜರಿಯವ್ನು ಬತ್ತಾನೆ. ಕೊಟ್ಬುಟ್ಟು ಒಂದು ಲಾರಿ ತಗಳಾಣ."

"ನಿಮ್ಮಣ್ಣನ ಟ್ರ್ಯಾಕ್ಟರ್ನ ಗುಜರಿಗಾ? ಹೊತ್ತು ಮೂಡಿದ್ರೆ ನೀನೂ ಕೆಮ್ತೀಯ. ನಿನ್ನ ಯಾವ ಗುಜರಿಗೆ ಹಾಕಾಣ?"

"ನಾನು ಬೀಡಿ ಸೇದ್ತೀನಿ, ಅದಕ್ಕೆ ಕೆಮ್ತೀನಿ. ಅದೇನು ಬೀಡಿ ಸೇದ್ತದಾ?"

"ನಿನ್ನ ಜತೆ ಇದ್ದೂ ಇದ್ದೂ ಕಲ್ತಿರ್ಬೇಕು!"

ಹಿಂದಿನ ಬಾಡಿಗೆ ಕೋಣೆಯಲ್ಲಿದ್ದ ಬಸಲಿಂಗನನ್ನು ಆಕೆ ಕೂಗಿ ಕರೆದಳು. ಇಳಕಲ್ ಕಡೆಯವನು, ಫ್ಯಾಕ್ಟರಿಯಲ್ಲಿ ಫಿಟ್ಟರು. ಅವನು ಬಂದು ಎಂಜಿನ್ನಿನ ಪಕ್ಕದ ಡಬ್ಬದ ಕ್ಲಿಪ್ಪು ತೆಗೆದು, ಒಳಗಿಂದ ಒಂದು ಕರಿ ಉರುಳೆಯನ್ನು ಎಳೆದು ಹಿಡಿದ.

"ಅವ್ವಾರ, ಎಂಜಿನ್ ಗಟ್ಟಿ ಐತ್ರೀ. ಮೂಗ್ ಕಟ್ಟೈತಿ, ಅಷ್ಟ."

"ಟ್ರ್ಯಾಕ್ಟರಿಗೆ ಮೂಗಾ!"

"ಮತ್ತ? ಗಾಳಿ ಇಲ್ದ ಡೀಸೆಲ್ ಹೆಂಗ್ ಉರೀಬೇಕ್ರೀ? ಇದು ಏರ್ ಫಿಲ್ಟರು, ಹೊರಗಿನ ಧೂಳ ಹಿಡೀತೈತಿ. ಆಯಿಲ್ ಫಿಲ್ಟರ್ ಅಂತ ಇನ್ನೊಂದೈತಿ, ಅದು ಒಳಗಿನ ಹೊಲಸ ಹಿಡೀತೈತಿ. ಎರಡೂ ಹೊಸಾವು ಹಾಕಬೇಕು."

ಅವನು ಉರುಳೆಯನ್ನು ಕಲ್ಲಿಗೆ ಮೆಲ್ಲಗೆ ಬಡಿದ. ಸುರಿಯಿತು ನೋಡಿ! ಕ್ವಾರಿಯ ಕಲ್ಲುಪುಡಿ, ಅಪಾರ್ಟ್‌ಮೆಂಟುಗಳ ಸಿಮೆಂಟು, ಅದರ ಜೊತೆಗೊಂದಿಷ್ಟು ಕೆಮ್ಮಣ್ಣು. ಚಿಕ್ಕಮುನಿಯಮ್ಮ ಕುಕ್ಕರುಗಾಲಿನಲ್ಲಿ ಕೂತು ಅದನ್ನು ಚಿಟಿಕೆಯಲ್ಲಿ ತೆಗೆದುಕೊಂಡಳು. ಕೆಮ್ಮಣ್ಣು ಅವರದೇ ಹೊಲದ್ದು. ಫ್ಯಾಕ್ಟರಿ ಕಟ್ಟಿದ ಮೇಲೆ ಆಕೆ ಅದನ್ನು ಮುಟ್ಟಿರಲಿಲ್ಲ. ಊರೇ ಮರೆತಿದ್ದ ಮಣ್ಣನ್ನು ಈ ಟ್ರ್ಯಾಕ್ಟರು ಮೂಗಿನಲ್ಲಿ ಹಿಡಿದಿಟ್ಟುಕೊಂಡಿತ್ತಲ್ಲ! ಆಕೆ ಆ ಚಿಟಿಕೆ ಮಣ್ಣನ್ನು ಹಣೆಗೆ ಒತ್ತಿಕೊಂಡಳು.

ಎದ್ದಾಗ ಆಕೆಯ ದನಿಯೇ ಬೇರೆಯಾಗಿತ್ತು.

"ಕೇಳೋ ಶ್ಯಾಮಣ್ಣ. ಶುಕ್ರವಾರದ ನೀರಿನ ಲೋಡು ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟಿನ ದಿಬ್ಬ ಹತ್ತಿದ್ರೆ ಟ್ರ್ಯಾಕ್ಟರು ಮನೇಲಿರ್ತದೆ. ಹತ್ತದಿದ್ರೆ ಗುಜರಿಗೆ ನಾನೇ ಕೈಯಾರೆ ತಳ್ತೀನಿ. ಫಿಲ್ಟರು ಮಾತ್ರ ನಾನೇ ಆರಿಸೋದು! ಜರಡಿ ಹಿಡಿದು ಹಿಡಿದು ಸವೆದಿರೋ ಕೈ ಕಣೋ ಇದು. ಯಾವುದು ಕಸ ಹಿಡೀತದೆ, ಯಾವುದು ಬಿಡ್ತದೆ ಅಂತ ನನಗೆ ಹೇಳ್ಕೊಡೋನು ಇನ್ನೂ ಹುಟ್ಬೇಕು!"

ಹೆದ್ದಾರಿ ಪಕ್ಕದ ನರಸಿಂಹಯ್ಯನ ಬಿಡಿಭಾಗಗಳ ಅಂಗಡಿಗೆ ಆಕೆ ದಿಗ್ವಿಜಯಕ್ಕೆ ಹೊರಟವಳಂತೆ ನಡೆದಳು. ಬಗಲಲ್ಲಿ ಹಳೆಯ ಫಿಲ್ಟರು, ಹಿಂದೆ ಬಸಲಿಂಗ. ನರಸಿಂಹಯ್ಯ ಮಿರಮಿರ ಮಿಂಚುವ ಡಬ್ಬವೊಂದನ್ನು ಮುಂದಿಟ್ಟ.

"ತಗೊಳಮ್ಮ, ಫಸ್ಟ್ ಕ್ಲಾಸ್ ಮಾಲು."

ಆಕೆ ಡಬ್ಬದ ಕಡೆ ನೋಡಲೇ ಇಲ್ಲ. ಒಳಗಿನದನ್ನು ತೆಗೆದು ಬಿಸಿಲಿಗೆ ಹಿಡಿದಳು. ಮೂಸಿದಳು. ಕಾಗದದ ನೆರಿಗೆಗಳ ಮೇಲೆ ಬೆರಳೆಳೆದಳು. ಅಂಚಿನ ರಬ್ಬರನ್ನು ಹಿಚುಕಿದಳು.

"ಇದು ಬ್ಯಾಡ."

"ಯಾಕಮ್ಮ?"

"ನೆರಿಗೆ ಒಂದ್ಕಡೆ ದಟ್ಟ, ಒಂದ್ಕಡೆ ತೆಳು. ಸೀರೆ ಇಂಗೆ ಉಟ್ರೆ ಜನ ನಗ್ತಾರೆ. ರಬ್ಬರು ಒಣಗಿದ ಚಕ್ಕುಲಿ ಇದ್ದಂಗದೆ, ಡಬ್ಬಕ್ಕೆ ಕಚ್ಚಿ ಕೂರಾಕಿಲ್ಲ. ಸಂದೀಲಿ ಧೂಳು ನುಗ್ತದೆ. ಇನ್ನೊಂದು ತೆಗಿ."

ಇನ್ನೊಂದು ಬಂತು. ಮತ್ತೊಂದು ಬಂತು. ಹಿಂದೆ ಗಿರಾಕಿಗಳ ಸಾಲು ಬೆಳೆಯಿತು. "ಬೇಗ ಮಾಡಿ ಅಜ್ಜಿ, ಶಿಫ್ಟಿಗೆ ಟೈಮಾಯ್ತು" ಎಂದ ಒಬ್ಬ. "ಅವಸರ ಇದ್ರೆ ಫಿಲ್ಟರ್ ಇಲ್ದೆ ಓಡ್ಸಪ್ಪ" ಎಂದು ಆಕೆ ತಿರುಗಿಯೂ ನೋಡದೆ ಹೇಳಿದಳು. ಕೊನೆಗೆ ಮೂಲೆಯ ಒಂದು ಸಾದಾ ಡಬ್ಬದಿಂದ ಹೊರಬಂದದ್ದನ್ನು ಕಂಡು ಆಕೆಯ ಕಣ್ಣರಳಿತು. ನೆರಿಗೆಗಳೆಲ್ಲ ಒಂದೇ ಅಳತೆ, ರಬ್ಬರು ಒತ್ತಿದರೆ ಒಳಹೋಗಿ ಬಿಟ್ಟರೆ ಎದ್ದು ಬರುವಷ್ಟು ಮೆತ್ತಗೆ. ಅಕ್ಷರ ಅಷ್ಟಕ್ಕಷ್ಟೇ ಆದರೂ, ಹಳೆಯದರ ಮೇಲಿದ್ದ ನಂಬರನ್ನೂ ಹೊಸದರ ನಂಬರನ್ನೂ ಪಕ್ಕಪಕ್ಕ ಇಟ್ಟು, ಎರಡು ರಂಗೋಲಿ ಹೋಲಿಸುವಂತೆ ಗೆರೆ ಗೆರೆಯನ್ನೂ ಹೋಲಿಸಿದಳು. ಆಯಿಲ್ ಫಿಲ್ಟರಿಗೂ ಇದೇ ಪರೀಕ್ಷೆ!

ನರಸಿಂಹಯ್ಯ ಕೈಮುಗಿದ. "ತಾಯಿ, ಕಂಪನಿಯವರು ಮಾಲು ತಂದಾಗ ನಿಮ್ಮನ್ನೇ ಕರೆಸ್ತೀನಿ."

ಬಸಲಿಂಗ ಎರಡನ್ನೂ ಜೋಡಿಸಿದ. ಡಾಂಬರಿನಂಥ ಹಳೆ ಆಯಿಲು ಹೋಗಿ ಜೇನಿನ ಬಣ್ಣದ ಹೊಸದು ಬಂತು. ಟ್ರ್ಯಾಕ್ಟರು ಗುಡುಗಿತು! ಚಿಕ್ಕಮುನಿಯಮ್ಮ ಗಾಳಿ ಎಳೆಯುವ ಕೊಳವೆಯ ಹತ್ತಿರ ಹೋದಳು. ಆಕೆಯ ಸೆರಗಿನ ತುದಿ ತಾನಾಗಿ ಎದ್ದು ಕೊಳವೆಯ ಕಡೆ ವಾಲಿತು.

"ಉಸಿರಾಡ್ತೈತೆ ಕಣೋ..." ಎಂದಳು, ಗರ್ಭಗುಡಿಯಲ್ಲಿ ಮಾತಾಡುವಷ್ಟು ಮೆಲ್ಲಗೆ.

ಇಷ್ಟಕ್ಕೇ ನಿಂತಿದ್ದರೆ ಈ ಕತೆ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಜಲ್ಲಿ ಲಾರಿಯೊಂದು ಮನೆ ಮುಂದೆ ಹಾದು, ಬೀದಿಯನ್ನೆಲ್ಲ ಧೂಳಿನಲ್ಲಿ ಅದ್ದಿ ಹೋಯಿತು. ಚಿಕ್ಕಮುನಿಯಮ್ಮ ಓಡಿಹೋಗಿ ಟ್ರ್ಯಾಕ್ಟರಿನ ಮೂಗಿಗೆ ಸೆರಗು ಅಡ್ಡ ಹಿಡಿದಳು. ಅಷ್ಟು ಚೆನ್ನಾದ ಫಿಲ್ಟರು! ಹೊಸದು! ಅದು ಈ ಹಾಳು ಧೂಳಿನಲ್ಲಿ ಕೊಳೆಯಾಗಬೇಕೇ?

ಆಕೆಯ ಮನೆಯಲ್ಲಿ ಹೊಸ ವಸ್ತುವೆಂದರೆ ಮೈಮುಚ್ಚಿಕೊಂಡೇ ಇರತಕ್ಕದ್ದು. ಟಿವಿಗೆ ಕಸೂತಿ, ಮಿಕ್ಸಿಗೆ ಅಂಗಿ, ಗ್ಯಾಸ್ ಸಿಲಿಂಡರಿಗೆ ಝಾಲರಿನ ಲಂಗ. ರಿಮೋಟು ಮೈಮೇಲಿನ ಪ್ಲಾಸ್ಟಿಕ್ಕಿನಿಂದ ಹೊರಬಂದು ಲೋಕ ನೋಡಿದ್ದೇ ಇಲ್ಲ. ಇನ್ನು ಟ್ರ್ಯಾಕ್ಟರಿನ ಮೂಗು ಬರಿಮೈಯಲ್ಲಿರುವುದೆಂದರೇನು?

ದಿಂಬಿನ ಗೌಸಿಗೆಂದು ತಂದಿದ್ದ ದಪ್ಪ ಹೂವಿನ ಬಟ್ಟೆಯನ್ನು ಎರಡು ಪದರ ಮಾಡಿ, ಒಂದು ಹೊಲಿಗೆಯೂ ಅಡ್ಡ ಹೋಗದಂತೆ ಗೌಸು ಹೊಲಿದಳು. ಬಾಯಿಗೆ ಲಾಡಿ. ಬಸಲಿಂಗ ಕ್ಲಿಪ್ಪು ತೆಗೆದದ್ದನ್ನು ಕಣ್ಣಿಟ್ಟು ನೋಡಿದ್ದವಳು ತಾನೇ ತೆಗೆದು, ತೊಡಿಸಿ, ಮುಚ್ಚಿದಳು. ಜರಡಿಗೇ ಒಂದು ಜರಡಿ! ಲೋಕದಲ್ಲಿ ಯಾವ ಎಂಜಿನಿಯರಿಗೂ ಹೊಳೆಯದ ಉಪಾಯ! ಯಾರಿಗೂ ಹೇಳಲಿಲ್ಲ. ದಿಬ್ಬ ಹತ್ತಿದ ಮೇಲೆ ಎಲ್ಲರೆದುರು ಹೇಳುವುದೆಂದುಕೊಂಡಳು.

ಶುಕ್ರವಾರ ತುಂಬಿದ ಟ್ಯಾಂಕರು ಹೊರಟಿತು. ಚಿಕ್ಕಮುನಿಯಮ್ಮ ಮಡ್‌ಗಾರ್ಡಿನ ಮೇಲೆ ಅಂಬಾರಿಯಲ್ಲಿ ಕೂತಂತೆ ಕೂತಿದ್ದಳು; ಆಚೆ ಬದಿಯಲ್ಲಿ ಬಸಲಿಂಗ. ಸಮತಟ್ಟಿನಲ್ಲಿ ಹೇಗೋ ಏನೋ ಸಾಗಿತು. ಎಲೆಕ್ಟ್ರಾನಿಕ್ ಸಿಟಿಯ ಆ ದಿಬ್ಬದ ನಡುವೆ ಒಮ್ಮೆ ಮುಲುಗಿತು, ಎರಡನೇ ಸಲ ನರಳಿತು, ಮೂರನೇ ಸಲ ಆಕಾಶ ಮುಚ್ಚುವಷ್ಟು ಕರಿ ಹೊಗೆ ಕಾರಿ ನಿಂತೇಬಿಟ್ಟಿತು! ಬಸಲಿಂಗ ಹಾರಿ ಚಕ್ರಕ್ಕೆ ಕಲ್ಲು ಕೊಟ್ಟ. ಮೇಲೆ ಗೇಟಿನಲ್ಲಿ ಬಕೆಟ್ಟು ಹಿಡಿದವರು, ಬ್ರಷ್ಷು ಕಚ್ಚಿದವರು, ತಲೆಗೆ ಶ್ಯಾಂಪೂ ಹಚ್ಚಿಕೊಂಡಾಗಲೇ ನಲ್ಲಿಯಲ್ಲಿ ನೀರು ನಿಂತುಹೋದವರು ಎಲ್ಲ ಸೇರಿ ನೋಡುತ್ತಿದ್ದರು.

ಶ್ಯಾಮಣ್ಣ ಜೇಬಿನಿಂದ ಮೊಬೈಲು ತೆಗೆದ.

"ಯಾರಿಗೋ?"

"ಗುಜರಿಯವ್ನಿಗೆ ಅತ್ಗೆ. ಮನೆಗ್ಯಾಕೆ, ಇಲ್ಲಿಗೇ ಬರ್ಲಿ."

"ಮೊದ್ಲು ಆ ನರಸಿಂಹಯ್ಯನ್ನ ಕರಿ! ಡೂಪ್ಲಿಕೇಟ್ ಕೊಟ್ಟು ನನ್ನ ಮಾನ ತೆಗೆದ!"

ನರಸಿಂಹಯ್ಯ ಸ್ಕೂಟರಿನಲ್ಲಿ ಹಾರಿಬಂದ. ಇಡೀ ಅಪಾರ್ಟ್‌ಮೆಂಟಿನ ಎದುರು ಆಕೆ ಅವನ ಜನ್ಮ ಜಾಲಾಡಿದಳು. "ಗಿಲೀಟು ಮಾಲು ಮಾರ್ತೀಯಾ? ಮುದುಕಿ ಅಂತ ಮೋಸ ಮಾಡ್ದಾ?"

"ಅಮ್ಮಾ, ಆರಿಸಿದ್ದು ನೀವು! ನಾನು ಬರೀ ಕೊಟ್ಟವನು!"

"ತಡೀರ್ರೀ, ತಗದ ನೋಡಿಬಿಡೂಣು" ಎಂದು ಬಸಲಿಂಗ ಕ್ಲಿಪ್ಪು ಬಿಚ್ಚಿದ.

ಚಿಕ್ಕಮುನಿಯಮ್ಮ ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದಳು.

ಹೊರಬಂತು. ಗುಲಾಬಿ ಹೂವು, ಹಸಿರು ಎಲೆ, ಕತ್ತಿನಲ್ಲಿ ಲಾಡಿಯ ಚೆಂದದ ಗಂಟು. ಗಾಳಿಯ ಎಳೆತಕ್ಕೆ ಬಟ್ಟೆ ಫಿಲ್ಟರಿಗೆ ಬಿಗಿಯಾಗಿ ಕಚ್ಚಿಕೊಂಡಿತ್ತು.

"ಇದೇನಮ್ಮಾ?" ಎಂದ ನರಸಿಂಹಯ್ಯ.

"...ಗೌಸು."

"ಮೂಗಿಗಾ!" ಎಂದ ಶ್ಯಾಮಣ್ಣ.

ಮೊದಲು ನಕ್ಕವನು ಶ್ಯಾಂಪೂ ತಲೆಯವನು. ಆಮೇಲೆ ನಗು ಮಹಡಿ ಮಹಡಿ ಹತ್ತಿತು.

ಬಸಲಿಂಗ ಲಾಡಿ ಬಿಚ್ಚಿ, ಗೌಸು ಕಳಚಿ, ಫಿಲ್ಟರನ್ನು ಕೂರಿಸಿದ. ಶ್ಯಾಮಣ್ಣ ಕೀಲಿ ತಿರುಗಿಸಿದ. ಟ್ರ್ಯಾಕ್ಟರು ಒಮ್ಮೆ ಎದೆ ತುಂಬ ಗಾಳಿ ಎಳೆದುಕೊಂಡಿತು. ಆ ಸದ್ದು ಚಿಕ್ಕಮುನಿಯಮ್ಮನ ಎದೆಗೂ ಕೇಳಿಸಿತು. ಅಷ್ಟು ನೀರನ್ನು ಹೊತ್ತು, ಹೊಗೆಯ ಒಂದು ಎಳೆಯೂ ಇಲ್ಲದೆ, ಅದು ದಿಬ್ಬವನ್ನು ಏರಿಹೋದದ್ದನ್ನು ಆಕೆ ರಸ್ತೆ ಬದಿಯಲ್ಲಿ ಕೈಮುಗಿದು ನಿಂತು ನೋಡಿದಳು. ಆಕೆ ಅದರ ಮೂಗು ಮುಚ್ಚಿ ಹಿಡಿದಿದ್ದಳು; ಅದು ಅಲ್ಲಿಯವರೆಗೂ ಎಳೆದು ತಂದಿತ್ತು!

ಮೇಲೆ ಶ್ಯಾಮಣ್ಣ ಫೋನಿನಲ್ಲಿ ಕೂಗುತ್ತಿದ್ದ: "ಬ್ಯಾಡ ಕಣಣ್ಣ, ಬರಬ್ಯಾಡ. ಗಾಡಿ ಸರ್ಯಾಗೈತೆ. ನಮ್ಮ ಅತ್ಗೆದೇ ಒಸಿ ರಿಪೇರಿ ಆಗ್ಬೇಕಿತ್ತು!"

ಆಕೆ ನರಸಿಂಹಯ್ಯನ ಕಡೆ ತಿರುಗಿ, "ಬೈದಿದ್ದು ಹೊಟ್ಟೇಗೆ ಹಾಕ್ಕೊಳಪ್ಪ, ಮಾಲು ಒರಿಜಿನಲ್ಲೇ" ಎಂದಳು. ಅವನು ಕಣ್ಣೊರೆಸಿಕೊಳ್ಳುತ್ತಾ ಸ್ಕೂಟರು ಹತ್ತಿದ. ನಗು ಇನ್ನೂ ನಿಂತಿರಲಿಲ್ಲ.

ಬಸಲಿಂಗ ಗೌಸನ್ನು ನೀಟಾಗಿ ಮಡಚಿ ಆಕೆಯ ಕೈಗಿಟ್ಟ. ದಿಬ್ಬ ಹತ್ತಲು ನಾಲ್ಕು ಹೆಜ್ಜೆ ಹಾಕಿದವನು ಏನೋ ಹೊಳೆದಂತಾಗಿ ನಿಂತ. ತಿರುಗಿ ಬಂದ. ಅತ್ತಿತ್ತ ನೋಡಿ, ಯಾರಿಗೂ ಕೇಳದಂತೆ ತಗ್ಗಿದ ದನಿಯಲ್ಲಿ ಕೇಳಿದ:

"ಅವ್ವಾರ, ಸಿಟ್ಟಾಗಬ್ಯಾಡ್ರಿ... ಆಯಿಲ್ ಫಿಲ್ಟರಿಗೆ ಏನ್ ಉಡ್ಸೀರಿ?"