ಭಾವನ ತಂಪು ಕಾರು

ನನ್ನ ಭಾವನ ಕಾರಿನಲ್ಲಿ ಏರ್‌ಕಂಡೀಷನ್ ಇದೆ, ಕಾರಿಗೆ ವಯಸ್ಸಾದದ್ದರಿಂದ ತುಸು ಮಂದ, ಅಷ್ಟೆ. ಅರವತ್ತರ ದಶಕದ ನಡುವೆ ಸಾಗರದ ಪೇಟೆಯಲ್ಲಿ ಇದನ್ನು ಎಲ್ಲರೂ ನಂಬಿದ್ದರು. ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ, ಜಾತಕದಿಂದ ಹಿಡಿದು ಚುನಾವಣೆಯವರೆಗೆ ಯಾವುದನ್ನೂ ನಂಬದೆ ಊರಿಗೆ ಮರಳಿದ ನಾನೂ ಇದನ್ನು ನಂಬಿದ್ದೆ. ಅಂಥ ಕಾರೊಂದು ಮನೆಯಲ್ಲಿದ್ದರೆ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಹಿಂದಿನ ಬಾಗಿಲು ತೆಗೆದು ಹತ್ತಿ ಕೂರುತ್ತವೆ.

೧. ಪೆಟ್ಟಿಗೆ

ಭಾವನದು ಸಾಗರದಲ್ಲಿ ಅಡಿಕೆ ಮಂಡಿ. ಚಿಕ್ಕಮಗಳೂರಿನ ಕಡೆಯ ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬರು ದೇಶ ಬಿಟ್ಟು ಹೊರಟಾಗ ಅವರ ಕಾರನ್ನು ದಲ್ಲಾಳಿಯೊಬ್ಬ ಭಾವನಿಗೆ ಕೊಡಿಸಿದ್ದ. ಮುಂದಿನ ಸೀಟಿನಲ್ಲಿ ಕೂತವರ ಕಾಲ ಬಳಿ ಒಂದು ಕಬ್ಬಿಣದ ಪೆಟ್ಟಿಗೆ, ಅದಕ್ಕೊಂದು ಕಪ್ಪು ಗುಂಡಿ. ತಿರುಗಿಸಿದರೆ ಬುರ್ರೆಂದು ಗಾಳಿ. “ಇದೇ ಏರ್‌ಕಂಡೀಷನ್” ಎಂದಿದ್ದ ದಲ್ಲಾಳಿ. ಊರಲ್ಲಿ ಯಾರೂ ಅಂಥದ್ದನ್ನು ಕಂಡಿರಲಿಲ್ಲವಾದ್ದರಿಂದ ಆಕ್ಷೇಪಣೆ ಬರಲಿಲ್ಲ.

ಮೊದಲ ಸಲ ಜೋಗದ ರಸ್ತೆಯಲ್ಲಿ ಹೋದೆವು. ಏಪ್ರಿಲ್ ತಿಂಗಳ ಮಧ್ಯಾಹ್ನ. ಭಾವ ಗಾಜುಗಳನ್ನೆಲ್ಲ ಏರಿಸಿ ಗುಂಡಿ ತಿರುಗಿಸಿದರು. ನನ್ನ ಮೊಣಕಾಲಿಗೆ ಬಚ್ಚಲೊಲೆಯ ಮುಂದೆ ಕೂತಂತಾಯಿತು.

“ಭಾವ, ಬಿಸಿ ಬರ್ತಾ ಇದೆಯಲ್ಲ?”

“ಒಳಗಿದ್ದ ಸೆಕೆ ಮೊದ್ಲು ಹೊರಗೆ ಹೋಗ್ಬೇಕಲ್ಲ ಮಾರಾಯ. ಅದು ಹೋದ್ಮೇಲೆ ತಂಪು.”

ತಾಳಗುಪ್ಪ ದಾಟಿದರೂ ಸೆಕೆ ಹೊರಗೆ ಹೋಗುತ್ತಲೇ ಇತ್ತು. ಒಂದು ಕಾರಿನಲ್ಲಿ ಅಷ್ಟೊಂದು ಸೆಕೆ ಹಿಡಿಸುತ್ತದೆಂದು ನನಗೆ ಗೊತ್ತಿರಲಿಲ್ಲ.

೨. ತೀರ್ಥಹಳ್ಳಿಯ ಷರತ್ತು

ಆ ಬೇಸಿಗೆಯಲ್ಲಿ ಈ ಪೆಟ್ಟಿಗೆಯ ಮೇಲೆ ಒಂದು ಮದುವೆ ನಿಂತಿತ್ತು. ಅಕ್ಕನ ಮಗಳಿಗೂ ತೀರ್ಥಹಳ್ಳಿಯ ಹುಡುಗನೊಬ್ಬನಿಗೂ ಪರಸ್ಪರ ಒಪ್ಪಿಗೆಯಾಗಿತ್ತು. ಹುಡುಗನ ಅಪ್ಪ ಸಾಗರಕ್ಕೆ ಬಂದು, ಮನೆ ನೋಡಿ, ಹೂಂ ಅನ್ನಬೇಕಿತ್ತು. ಅವರು ನಿವೃತ್ತ ಶಿರಸ್ತೇದಾರರು. ಹಿಂದೊಮ್ಮೆ ಹೆಣ್ಣು ನೋಡಲು ಹೊರಟು, ಬಸ್ಸಿನಲ್ಲಿ ಬಿಸಿಲ ಕಡೆಯ ಸೀಟು ಸಿಕ್ಕಿತೆಂದು ಅರ್ಧ ದಾರಿಯಲ್ಲಿ ಇಳಿದು ಮನೆಗೆ ಹೋದವರು. ಆ ಸಂಬಂಧ ಅಲ್ಲಿಗೇ ಮುಗಿದಿತ್ತು.

“ಈ ಸೆಕೆಯಲ್ಲಿ ನಾನು ಹೊರಡುವವನಲ್ಲ” ಎಂದು ಅವರು ಹೇಳಿ ಕಳಿಸಿದರು. “ಏರ್‌ಕಂಡೀಷನ್ ಕಾರು ತರ್ತೇವೆ” ಎಂದು ಭಾವ ಹೇಳಿ ಕಳಿಸಿದರು. ಹಾಗಾದರೆ ಬರುತ್ತೇನೆಂದು ಉತ್ತರ ಬಂತು.

ಅಕ್ಕನ ಮಗಳು ನನ್ನನ್ನು ಹಿತ್ತಲಿಗೆ ಕರೆದಳು. “ಮಾವ, ಆ ಕಾರು ನಿಜಕ್ಕೂ ತಂಪಾಗ್ತದಾ?”

“ನಿನ್ನ ಅಪ್ಪ ಹಾಗಂತಾರೆ.”

“ನಾ ಕೇಳಿದ್ದು ಅಪ್ಪನ್ನಲ್ಲ.”

“ಗ್ಯಾಸು ಕಮ್ಮಿಯಾಗಿರ್ಬೇಕು” ಎಂದೆ. ಗ್ಯಾಸಿನ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಅದರ ಹೆಸರು ಮಾತ್ರ. ಓದಿದವನು ಹೇಳಿದ್ದೆಂದು ಅವಳು ಸಮಾಧಾನಪಟ್ಟುಕೊಂಡಳು.

೩. ಹೊಸನಗರದ ಚಿಕ್ಕಮ್ಮ

ಕಾರಿನ ಪರೀಕ್ಷೆಗೆಂದು ಹೊಸನಗರಕ್ಕೆ ಹೋಗಿ ಭಾವನ ಚಿಕ್ಕಮ್ಮನನ್ನು ಕರೆತಂದೆವು. ಆಕೆ ಕಿವಿಗೆ ಹತ್ತಿ ಇಟ್ಟು, ತಲೆಗೆ ಮಫ್ಲರ್ ಸುತ್ತಿ, ಕಂಬಳಿ ಹೊದ್ದು, ಮೆಣಸಿನ ಕಷಾಯದ ಬಾಟಲಿ ಹಿಡಿದು ಬಂದು ಕಾರು ಹತ್ತಿದರು.

“ಚಿಕ್ಕಮ್ಮ, ಈ ಸೆಕೇಲಿ ಕಂಬಳಿ ಎಂತಕ್ಕೆ?” ಎಂದೆ.

“ನಿಂಗೆಂತ ಗೊತ್ತು. ಮಳೆಯ ತಂಡಿ ಒಲೆ ಮುಂದೆ ಕೂತ್ರೆ ಹೋಗ್ತದೆ. ಯಂತ್ರದ ತಂಡಿ ಎದೆಗೆ ಹಿಡಿದ್ರೆ ಹೋಗೂದಿಲ್ಲ.”

ಬಟ್ಟೆಮಲ್ಲಪ್ಪದ ಹೊತ್ತಿಗೆ ಆಕೆಯ ಮುಖ ಕೆಂಡವಾಗಿತ್ತು. ಮಫ್ಲರಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಕಂಬಳಿ ತೆಗೀರಿ, ಬೆವರ್ತಾ ಇದೀರಿ.”

“ಕಂಬಳಿ ಇದ್ದದ್ದಕ್ಕೆ ಬೆವರ್ತಾ ಇದ್ದೇನೆ. ಇಲ್ದಿದ್ರೆ ಇಷ್ಟೊತ್ತಿಗೆ ಮರಗಟ್ಟಿ ಹೋಗ್ತಿದ್ದೆ.”

ಈ ವಾದದಲ್ಲಿ ದೋಷ ಹುಡುಕಿದೆ. ಸಿಗಲಿಲ್ಲ. ಸಾಗರದಲ್ಲಿ ಇಳಿದು ಆಕೆ ಒಂದು ಸೀನು ಸೀನಿದರು. ಭಾವ ನನ್ನ ಕಡೆ ತಿರುಗಿ, “ಮಂದ ಅಂತಿದ್ಯಲ್ಲ, ನೋಡು” ಎಂದರು.

೪. ಲಾವಂಚ

ಆದರೂ ಶಿರಸ್ತೇದಾರರ ವಿಷಯದಲ್ಲಿ ಭಾವನಿಗೆ ಧೈರ್ಯ ಸಾಲಲಿಲ್ಲ. ಪೆಟ್ಟಿಗೆಯ ಬಾಯಿಗೆ ಲಾವಂಚದ ಬೇರಿನ ಚಾಪೆ ಕಟ್ಟಿ ನೀರು ಚಿಮುಕಿಸಿದರು. ಗುಂಡಿ ತಿರುಗಿಸಿದೊಡನೆ ಕಾರಿನ ತುಂಬ ಸುವಾಸನೆಯ ಹಬೆ ಎದ್ದಿತು. ರಸ್ತೆ ಕಾಣದೆ ಭಾವ ಕಾರು ನಿಲ್ಲಿಸಿದರು. ಕೆಳಗಿಳಿದಾಗ ನಾವಿಬ್ಬರೂ ಈಗಷ್ಟೇ ಅರ್ಚನೆಯಾದ ದೇವರ ಹಾಗೆ ಘಮಘಮಿಸುತ್ತಿದ್ದೆವು. ಎದುರಿಗೆ ಬಂದ ಗಾಡಿಯವನು ಸುಮ್ಮನೆ ಕೈ ಮುಗಿದು ಹೋದ.

೫. ಶಿರಸ್ತೇದಾರರ ಸವಾರಿ

ಕೊನೆಗೂ ಆ ದಿನ ಬಂತು. ತೀರ್ಥಹಳ್ಳಿಯಲ್ಲಿ ಶಿರಸ್ತೇದಾರರು ಹಣೆಗೆ ಗಂಧ ಇಟ್ಟು, ಕರಿ ಕೋಟು ತೊಟ್ಟು ಸಿದ್ಧರಾಗಿದ್ದರು. ಹಿಂದಿನ ಸೀಟಿನಲ್ಲಿ ಕೂತವರೇ, “ನನಗೆ ಇದು ಹೊಸದಲ್ಲ. ಮದರಾಸಿನಲ್ಲಿ ದೊಡ್ಡ ಸಾಹೇಬರ ಏರ್‌ಕಂಡೀಷನ್ ಕೋಣೆಯಲ್ಲಿ ಕೂತವನು” ಎಂದರು.

ಗಾಜು ಏರಿತು. ಹೊರಗಿನ ಸದ್ದೆಲ್ಲ ನಿಂತಿತು. ಕಾಡು ಶಬ್ದವಿಲ್ಲದೆ ಹಿಂದೆ ಸರಿಯತೊಡಗಿತು. ನೀರಿನಡಿಯ ಪಾಚಿಯ ಹಾಗೆ ಬಿದಿರು ಮೆಲ್ಲಗೆ ಓಲಾಡಿತು. ಸೆಕೆಗೆ ಕಣ್ಣು ತಾನಾಗಿ ಮುಚ್ಚಿತು. ಆ ವರ್ಷಗಳಲ್ಲಿ ಶರಾವತಿಯ ಹಿನ್ನೀರು ಏರಿ ಹೊನ್ನೆಮರಡಿನ ಸುತ್ತಿನ ಗದ್ದೆಗಳು ಮುಳುಗಿದ್ದವು. ಅರೆನಿದ್ದೆಯಲ್ಲಿ ಆ ಗದ್ದೆಗಳು ಕಂಡವು. ನೀರಿನಡಿಯಲ್ಲಿ ಒಬ್ಬ ನಿಧಾನವಾಗಿ ಉಳುತ್ತಿದ್ದ. ಎತ್ತಿನ ಕೊರಳ ಗಂಟೆಯಿಂದ ಗುಳ್ಳೆಗಳು ಏಳುತ್ತಿದ್ದವು. ಅವನ ಮೈಯಲ್ಲಿ ಒಂದು ಹನಿ ಬೆವರಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

ಎಚ್ಚರಾಗಿ ಹಿಂದೆ ನೋಡಿದೆ. ಶಿರಸ್ತೇದಾರರ ಗಂಧ ಕರಗಿ ಮೂಗಿನ ತುದಿಗೆ ಬಂದಿತ್ತು. ಭಾವ ಕನ್ನಡಿಯಲ್ಲಿ ಅದನ್ನು ಕಂಡು ಹೆದರಿ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು. ಮೂಗಿನ ತುದಿಯ ಗಂಧ ಕೋಟಿನ ಮೇಲೆ ಬಿತ್ತು.

ಹೊಸನಗರದಲ್ಲಿ ಹೋಟೆಲಿನ ಮುಂದೆ ಕಾರು ನಿಲ್ಲುತ್ತಲೇ ಜನ ಸುತ್ತುವರಿದರು. ಶಿರಸ್ತೇದಾರರು ಬಾಗಿಲ ಹಿಡಿಗೆ ಕೈ ಹಾಕಿದರು. ಇಳಿದು ಮನೆಗೆ ಹೊರಟರೆಂದೇ ನಾನು ಲೆಕ್ಕ ಹಾಕಿದೆ. ಅಷ್ಟರಲ್ಲಿ ಒಬ್ಬ ಗಾಜಿಗೆ ಮುಖ ಒತ್ತಿ ಕೇಳಿದ.

“ಒಳಗೆ ಹ್ಯಾಂಗಿದೆ ಸ್ವಾಮಿ? ತಂಪಾ?”

ಊರೆಲ್ಲ ನೋಡುತ್ತಿತ್ತು. ಮದರಾಸಿನ ಕೋಣೆಯಲ್ಲಿ ಕೂತವರು ಏನು ಹೇಳಬೇಕು? ಅವರು ಗಾಜನ್ನು ಎರಡು ಬೆರಳು ಇಳಿಸಿ, “ಸ್ವಲ್ಪ ಹೆಚ್ಚೇ ಆಯ್ತು” ಎಂದರು. ಆಮೇಲೆ ಭಾವನಿಗೆ, “ಒಂದು ಶಾಲು ಇದ್ದರೆ ಕೊಡಿ.”

ಭಾವ ಕೊಟ್ಟರು. ಹೊದ್ದ ಶಾಲನ್ನು ಸಾಗರದವರೆಗೆ ತೆಗೆಯುವಂತಿರಲಿಲ್ಲ.

ಮನೆಯ ಮುಂದೆ ಅವರನ್ನು ಇಬ್ಬರು ಹಿಡಿದು ಇಳಿಸಬೇಕಾಯಿತು. ಅಕ್ಕನ ಮಗಳು ಒಂದು ಸಲ ಅವರ ಮುಖ ನೋಡಿದಳು. ಕಾಫಿ ತರಲು ಒಳಗಿನಿಂದ ಅಕ್ಕ ಸನ್ನೆ ಮಾಡುತ್ತಿದ್ದರೂ ಬಾವಿಯಿಂದ ಆಗಷ್ಟೇ ಸೇದಿದ ನೀರು ತಂದಳು. ಒಂದು ಚೊಂಬು ಮುಗಿಸಿ ಅವರು ಚೊಂಬನ್ನು ಚಾಚಿದರು. ಅವಳು ಮತ್ತೆ ತುಂಬಿದಳು. ಅದೂ ಮುಗಿಯಿತು. ಜಗಲಿಯ ಕಂಬಕ್ಕೆ ಒರಗಿ, ಮನೆಯೊಳಗೆ ಕಾಲಿಡದೆಯೇ, ಅವರು ಹೇಳಿದರು:

“ಈ ಹುಡುಗಿಯೇ ಸೊಸೆ. ಮುಹೂರ್ತ ಇಡಿಸಿ. ನಾನು ವಾಪಸು ಬಸ್ಸಿನಲ್ಲಿ ಹೋಗ್ತೇನೆ.”

ಮದುವೆ ಚೆನ್ನಾಗಿ ನಡೆಯಿತು. ಮರುವರ್ಷ ಶಿವಮೊಗ್ಗದಲ್ಲಿ ಪೆಟ್ಟಿಗೆ ಬಿಚ್ಚಿಸಿದೆವು. ಅದು ಚಳಿ ದೇಶದವರು ಕಾರನ್ನು ಬೆಚ್ಚಗಿಡಲು ಹಾಕಿಸಿಕೊಳ್ಳುವ ಹೀಟರ್.