ಭಾವನ ಕುಲುಮೆ, ಅಕ್ಕನ ಸೌಟು

ನಮ್ಮ ಭಾವ ವಾಸ ಮಾಡುವುದು ಹನ್ನೆರಡನೆಯ ಶತಮಾನದಲ್ಲಿ. ನ್ಯೂ ಜರ್ಸಿಯ ಎಡಿಸನ್ ಊರಿಗೆ ಬರುವುದು ಆಫೀಸಿನ ಕೆಲಸಕ್ಕೆ ಮಾತ್ರ!

ಚೆನ್ನಾಗಿದ್ದೀರಾ ಎಂದು ಕೇಳಿ ನೋಡಿ. "ಆಗಿನ ಕಾಲದ ಗಣಿಯವರು ಬೆಟ್ಟದ ಬಂಡೆ ಹೇಗೆ ಒಡೀತಿದ್ರು ಗೊತ್ತೇನಯ್ಯ? ಬೆಂಕಿ ಹಾಕಿ ಕಾಯ್ಸೋರು, ತಣ್ಣೀರು ಎರಚೋರು, ಬಂಡೆ ತಾನಾಗೇ ಬಿರಿಯೋದು" ಎನ್ನುತ್ತಾರೆ. ಆಫೀಸಿನ ಮೀಟಿಂಗಿನಲ್ಲೂ ಹೀಗೇ ಮಾತಾಡುತ್ತಾರೋ ಏನೋ, ಕೇಳುವ ಧೈರ್ಯ ನನಗಿಲ್ಲ.

ಈ ಹುಚ್ಚು ಹಿಡಿದದ್ದು ಹೋದ ವರ್ಷ. ಸ್ಮೋಕ್ ಅಲಾರಂ ಕಿರುಚುತ್ತದೆಂದು ನನ್ನಕ್ಕ ಒಗ್ಗರಣೆ ಹಾಕುವುದು ಗರಾಜಿನ ಒಲೆಯಲ್ಲಿ. ಅಮ್ಮ ಹೋದಮೇಲೆ ಅವಳ ಪಾಲಿಗೆ ಬಂದ ಕಬ್ಬಿಣದ ಒಗ್ಗರಣೆ ಸೌಟು ಅಲ್ಲೇ ಮೊಳೆಗೆ ನೇತಾಡುತ್ತಿತ್ತು. ಒಂದು ಭಾನುವಾರ ಭಾವ ಗರಾಜ್ ಕ್ಲೀನ್ ಮಾಡಲು ಹೊರಟು, ತುಕ್ಕು ಹಿಡಿದದ್ದನ್ನೆಲ್ಲ ರಿಸೈಕ್ಲಿಂಗಿಗೆ ಹಾಕಿ ಬಂದರು. ಸೌಟೂ ಹೋಯಿತು. ಅಕ್ಕ ಜಗಳವಾಡಲಿಲ್ಲ, ಅತ್ತದ್ದನ್ನೂ ನಾನು ಕಾಣೆ. ಸ್ಟೀಲ್ ಬಾಣಲೆಯಲ್ಲಿ ಒಗ್ಗರಣೆ ಹಾಕತೊಡಗಿದಳು, ಅಷ್ಟೆ. ಭಾವನಿಗೆ ಅದನ್ನೇ ತಡೆಯಲಾಗಲಿಲ್ಲ.

"ಹೊಸದೊಂದು ತಂದ್ಕೊಡಿ ಭಾವ," ಎಂದೆ.

"ಅಂಗಡೀಲಿ ಸಿಗೋದು ಬರೀ ಸಾಮಾನು ಕಣಯ್ಯ. ಹಿಂದಿನೋರು ಕಲ್ಲಿಂದ ಕಬ್ಬಿಣ ತೆಗೀತಿದ್ರು. ನಾನೂ ತೆಗೀತೀನಿ," ಎಂದರು.

ಉತ್ತರ ಜರ್ಸಿಯ ಗುಡ್ಡಗಳಲ್ಲಿ ಹಳೆಯ ಕಬ್ಬಿಣದ ಗಣಿಗಳಿವೆ. ಅಲ್ಲಿರುವ ಸಹೋದ್ಯೋಗಿಯೊಬ್ಬರ ಹಿತ್ತಲಿಗೆ ಭಾವ ನಮ್ಮ ಫ್ರಿಜ್ಜಿನ ಗಣಪತಿ ಮ್ಯಾಗ್ನೆಟ್ ಕಿತ್ತುಕೊಂಡು ಹೋದರು. ಗಣಪತಿ ಅಂಟಿಕೊಂಡ ಕಲ್ಲುಗಳೆಲ್ಲ ಕಾರಿನ ಡಿಕ್ಕಿ ಸೇರಿದವು. ಆಮೇಲೆ ಭಾವನ ಮನೆಯ ಹಿತ್ತಲಲ್ಲಿ ಎದೆಯೆತ್ತರದ ಮಣ್ಣಿನ ಕುಲುಮೆ ಎದ್ದಿತು. ಬೆಂಕಿಗೆ ಗಾಳಿಯೂದಲು ಹಿಂದಿನವರ ಹಾಗೆ ಆಡಿನ ಚರ್ಮದ ತಿದಿಯೇ ಬೇಕೆಂದು ಹಟ ಹಿಡಿದರು. "ಚರ್ಮ ಗಿರ್ಮ ಮನೆಗೆ ತಂದ್ರೆ ನೋಡಿ," ಎಂದಳು ಅಕ್ಕ. ಕೊನೆಗೆ ಎಲೆ ಗುಡಿಸುವ ಲೀಫ್ ಬ್ಲೋವರ್ ತಿದಿಯಾಯಿತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕತ್ತರಿಸಿಯೇ ಚಾಲೂ ಮಾಡಿದರು.

ಹೊಗೆ ಕಂಡ ನೆರೆಯವರು ಫೋನ್ ಮಾಡಿರಬೇಕು, ಫೈರ್ ಇಂಜಿನ್ ಬಂತು.

"ವಾಟ್ ಆರ್ ಯು ಕುಕಿಂಗ್, ಸರ್?"

"ಐರನ್," ಎಂದರು ಭಾವ, ತುಂಬ ವಿನಯದಿಂದ.

ಬಂದವರು ಬೆಂಕಿ ಆರಿಸಿ, ಬುದ್ಧಿ ಹೇಳಿ ಹೊರಟರು. ಅಕ್ಕ ಅವರ ಕೈಗೆ ಚಿತ್ರಾನ್ನದ ಡಬ್ಬಿ ಕೊಟ್ಟು ಕಳಿಸಿದಳು. ಮನೆಗೆ ಬಂದವರನ್ನು ಹಾಗೇ ಕಳಿಸುವುದುಂಟೆ? ಕುಲುಮೆ ಮಾತ್ರ ಗುಡ್ಡದ ಸಹೋದ್ಯೋಗಿಯ ಹಿತ್ತಲಿಗೆ ವರ್ಗವಾಯಿತು. ಅಲ್ಲಿ ಮೂರು ಸಲ ಕಬ್ಬಿಣದ ಬದಲು ಬರೀ ಕಿಟ್ಟ, ಕರಗಿದ ಕಲ್ಲಿನ ಕಸ ಬಂತು. ನಾಲ್ಕನೆಯ ಸಲ ರಾಗಿಮುದ್ದೆ ಗಾತ್ರದ ಕಬ್ಬಿಣ ಸಿಕ್ಕಿತು. ಅದನ್ನು ಕಾಯಿಸಿ ಬಡಿದು, ಕಾಯಿಸಿ ಬಡಿದು ಎರಡು ತಿಂಗಳು ಕಳೆದರು. ಕೀಬೋರ್ಡ್ ಬಿಟ್ಟು ಬೇರೇನೂ ಬಡಿಯದ ಕೈ ಪೂರ್ತಿ ಬೊಬ್ಬೆ.

ಮೊನ್ನೆ ನಾನಿದ್ದಾಗಲೇ ಸೌಟು ತಂದು ಅಕ್ಕನ ಮುಂದಿಟ್ಟರು. ಹಿಡಿ ಸೊಟ್ಟ, ಬಟ್ಟಲು ಇನ್ನೂ ಸೊಟ್ಟ. ಅಕ್ಕ ಅದನ್ನು ಗರಾಜಿಗೆ ಒಯ್ದು ಎಣ್ಣೆ ಹಾಕಿ ಒಲೆಯ ಮೇಲೆ ಹಿಡಿದಳು. ಸಾಸಿವೆ ಸಿಡಿಯುವ ಮೊದಲೇ ಎಣ್ಣೆ ತೊಟ್ಟಿಕ್ಕಿತು. ಬಟ್ಟಲಿನಲ್ಲಿ ಕೂದಲೆಳೆಯಷ್ಟು ಬಿರುಕು.

ಭಾವನ ಮುಖ ಸಪ್ಪಗಾಯಿತು. ಒಂದು ವರ್ಷದಿಂದ ಬಾಯಿಗೆ ಬಾರದ ಮಾತು ಆಗ ಬಂತು. "ತಪ್ಪಾಯ್ತು ಕಣೇ. ನೋಡದೆ ಎಸೆದುಬಿಟ್ಟೆ."

ಅಕ್ಕ ಸೌಟಿನ ಕೆಳಗೊಂದು ತಟ್ಟೆ ಹಿಡಿದು, ಚುಂಯ್ ಎನ್ನಿಸಿ ಒಗ್ಗರಣೆಯನ್ನು ಸಾರಿಗೆ ಸುರಿದಳು. "ಇರ್ಲಿ ಬಿಡಿ. ಅಮ್ಮಂದೂ ಹೀಗೇ ಸೋರ್ತಿತ್ತು," ಎಂದಳು. ಸೌಟನ್ನು ಒರೆಸಿ ಹಳೆಯ ಮೊಳೆಗೇ ನೇತುಹಾಕಿದಳು.

ಅಮ್ಮನ ಸೌಟು ಒಂದು ದಿನವೂ ಸೋರಿದ್ದಿಲ್ಲ. ನಾನು ತೆಪ್ಪಗೆ ಕೂತು ಸಾರನ್ನ ಉಂಡೆ.