ಮಾಲೀಕರ ಉಸಿರಿನ ಡಬ್ಬ

ಒಂದು ತುಂಡು ಫ್ಯೂಸ್ ವೈರು ಸಿಕ್ಕಿಸಿದ್ದೇ ಅವನು ಮಾಡಿದ ತಪ್ಪು.

ಲಾಂಡ್ರಿಯಲ್ಲಿ ಒಗೆಯುವ ಮಿಷನ್ನುಗಳನ್ನು ನೋಡಿಕೊಳ್ಳುವ ಹಂಗಾಮಿ ಕೆಲಸ ಅವನದು. ಒಮ್ಮೆ ಕರೆಂಟು ಹೋಗಿ, ಸೋಪಿನ ನೀರಲ್ಲಿ ಬಟ್ಟೆಗಳು ಕೊಳೆಯುತ್ತಿದ್ದರೂ ಎಲ್ಲರೂ ಮಿಕಿಮಿಕಿ ನೋಡುತ್ತ ನಿಂತಿದ್ದಾಗ, ಇವನು ಸುಮ್ಮನಿರಲಾರದೆ ಕೈ ಹಾಕಿದ. ದೀಪ ಹತ್ತಿತು. ಅವತ್ತಿನಿಂದ ಅವನು ‘ಫ್ಯೂಸ್’. ಬಲ್ಬು ಮಿಣುಕಿದರೂ ಫ್ಯೂಸ್ ಬೇಕು, ಮಾಲೀಕರ ಕೈಗಡಿಯಾರ ನಿಂತರೂ ಫ್ಯೂಸ್ ಬೇಕು. ಕೆಲಸ ಮಾತ್ರ ಖಾಯಂ ಆಗಲಿಲ್ಲ. ಆ ಲಾಂಡ್ರಿಯಲ್ಲಿ ಖಾಯಂ ಆಗಿದ್ದದ್ದು ಎರಡೇ: ಒದ್ದೆ ನೆಲ, ಮಾಲೀಕರ ಹೊಟ್ಟೆ.

ಕರೆಂಟು ಮನುಷ್ಯನ ನೆಮ್ಮದಿ ತಿಂದುಹಾಕಿದೆ ಎಂದು ಯಾರೋ ಮಾಲೀಕರ ಕಿವಿಗೆ ಊದಿದ್ದರು. ಅವರು ಎರಡು ಫ್ಯಾನುಗಳ ಗಾಳಿಗೆ ಮುಖವೊಡ್ಡಿ ನಿಂತು ಸಾರಿದರು: “ಶನಿವಾರ ಎಲ್ಲರೂ ಕೆರೆ ದಂಡೆಗೆ. ಟೆಂಟು ಹಾಕಿ ಒಂದು ರಾತ್ರಿ ಮಲಗಿ ಬರೋಣ. ಅಲ್ಲಿ ಒಂದು ಲೈಟುಕಂಬ ಕೂಡ ಇಲ್ಲ!”

ಶನಿವಾರ ಬೆಳಿಗ್ಗೆ ಮಾಲೀಕರ ಹೆಂಡತಿ ಫ್ಯೂಸನ್ನು ಬಟ್ಟೆ ಒಣಗಿಸುವ ಮಿಷನ್ನಿನ ಹಿಂದಕ್ಕೆ ಕರೆದುಕೊಂಡು ಹೋದರು.

“ನೋಡಪ್ಪ, ಇದು ನಿನ್ನಲ್ಲೇ ಇರಲಿ. ನಮ್ಮವರಿಗೆ ನಿದ್ದೇಲಿ ಉಸಿರು ನಿಂತು ನಿಂತು ಬರುತ್ತೆ. ಮೂಗಿಗೆ ಗಾಳಿ ಊದೋ ಮಿಷನ್ ಇಲ್ದೆ ಮಲಗೋ ಹಾಗಿಲ್ಲ. ಉತ್ಸಾಹದಲ್ಲಿ ಅದನ್ನೇ ಮರೆತು ಹೊರಟಿದ್ದಾರೆ. ಅದು ಕೆಲಸದೋರಿಗೆ ಗೊತ್ತಾದ್ರೆ ಅವರ ಮಾನ ಹೋಗುತ್ತೆ. ನೀನು ಗುಟ್ಟಾಗಿ ಕರೆಂಟಿಗೆ ಏನಾದ್ರೂ ದಾರಿ ಮಾಡು. ನಿನ್ನ ಕೆಲಸ ಖಾಯಂ ಮಾಡಿಸೋದು ನನ್ನ ಜವಾಬ್ದಾರಿ.”

ಖಾಯಂ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಫ್ಯೂಸ್‌ನ ಉಸಿರೇ ನಿಂತು ನಿಂತು ಬರತೊಡಗಿತು. ಮನೆಯಲ್ಲಿ ಹೆಂಡತಿ ದಿನಾ ಕೇಳುವುದು ಅದೊಂದನ್ನೇ. ಇತ್ತೀಚೆಗೆ ಕೇಳುವುದನ್ನೂ ಬಿಟ್ಟು ಬರೀ ನೋಡುತ್ತಿದ್ದಳು. ಅದು ಇನ್ನೂ ಕಷ್ಟ.

ನೇರ ಬಾಡಿಗೆ ಸಾಮಾನಿನ ಅಂಗಡಿಗೆ ಓಡಿದ.

“ಏನು ಓಡಿಸ್ತೀರಿ?” ಅಂಗಡಿಯವನು ಕೇಳಿದ.

“ಒಂದು... ಊದೋ ಮಿಷನ್.”

“ಬಲೂನಿಗಾ?”

“ಹ್ಞೂಂ, ಆ ಥರದ್ದೇ.”

“ಎಷ್ಟು ಹೊತ್ತು?”

“ರಾತ್ರಿಯೆಲ್ಲಾ.”

ಅಂಗಡಿಯವನು ಅವನನ್ನು ಮೇಲಿಂದ ಕೆಳಗೆ ನೋಡಿದ. “ಅಷ್ಟು ಬಲೂನು ಊದಿ ಟೆಂಟನ್ನೇ ಹಾರಿಸ್ತೀರಾ? ಹೋಗ್ಲಿ ಬಿಡಿ. ಜನರೇಟರ್ ಕೊಡ್ಲಾ? ಪೆಟ್ರೋಲ್ ಹಾಕ್ತಾ ಇದ್ರೆ ಏನು ಬೇಕಾದ್ರೂ ಎಳೆಯುತ್ತೆ.”

“ಸದ್ದು ಮಾಡುತ್ತಾ?”

“ಸತ್ತೋರೂ ಎದ್ದು ಬೈತಾರೆ.”

ಅದಾಗುವುದಿಲ್ಲ. ಅಂಗೈಯಗಲದ ಬ್ಯಾಟರಿ ಫೋನಿಗಷ್ಟೇ ಸಾಕು. ಕೊನೆಗೆ ಹಿಡಿಕೆ ಇದ್ದ ಒಂದು ಬ್ಯಾಟರಿ ಡಬ್ಬ ಹೊರಬಂತು. ಮುಂದೆ ಪ್ಲಗ್ಗು ಚುಚ್ಚುವ ತೂತುಗಳು, ನಡುವೆ ಎಷ್ಟು ಕರೆಂಟು ಉಳಿದಿದೆ ಎಂದು ತೋರಿಸುವ ಹಸಿರು ಅಂಕಿ: ನೂರು. ಜೊತೆಗೆ ಬಿಸಿಲಲ್ಲಿ ಹರಡಿದರೆ ಡಬ್ಬ ತುಂಬಿಸುವ, ಮಡಚಿಡಬಹುದಾದ ಸೋಲಾರ್ ಹಾಳೆ.

“ಊದೋದಾದ್ರೆ ಬೆಳಗಾಗೋವರೆಗೂ ಊದುತ್ತೆ,” ಅಂದ ಅಂಗಡಿಯವನು. “ಬಿಸಿ ಮಾಡೋ ಸಾಮಾನು ಮಾತ್ರ ಹಾಕ್ಬೇಡಿ. ಕಾಯಿಸೋದು, ಒಣಗಿಸೋದು, ಇಸ್ತ್ರಿ... ಅವೆಲ್ಲ ಕರೆಂಟನ್ನ ಗಟಗಟ ಕುಡೀತವೆ.”

ಫ್ಯೂಸ್ ಡಬ್ಬವನ್ನೊಮ್ಮೆ, ಅಂಗಡಿಯವನನ್ನೊಮ್ಮೆ ನೋಡಿದ. ಲಾಂಡ್ರಿಯ ಜನಕ್ಕೆ ಕಾಯಿಸುವುದು, ಒಣಗಿಸುವುದು, ಇಸ್ತ್ರಿ ಹಾಕುವುದು ಬಿಟ್ಟು ಬೇರೆ ಏನು ಗೊತ್ತು?

ಅವನು ಹೆದರಿದ ಹಾಗೇ ಆಯಿತು. ಕೆರೆ ದಂಡೆಯಲ್ಲಿ ಟೆಂಟು ನಿಲ್ಲಿಸುವಷ್ಟರಲ್ಲಿ ವ್ಯಾನಿನ ಡ್ರೈವರ್ ನೀರು ಕಾಯಿಸುವ ಕೆಟಲ್ ಹಿಡಿದು ಹಾಜರಾದ.

“ಫ್ಯೂಸೂ, ಒಂದೇ ಒಂದು ಲೋಟ ಚಹಾ ಕಣೋ.”

“ಸೌದೆ ಇದೆಯಲ್ಲಣ್ಣ.”

“ಹೊಗೆ ಆಗಲ್ಲ ನಂಗೆ.”

“ದಿನಾ ಬೀಡಿ ಸೇದ್ತೀಯಲ್ಲ!”

“ಅದು ಒಳಗಿನ ಹೊಗೆ. ಇದು ಹೊರಗಿಂದು.”

ಇಬ್ಬರೂ ವಾದಿಸುತ್ತಿದ್ದಾಗ ಫ್ಯೂಸ್ ತಿರುಗಿ ನೋಡುತ್ತಾನೆ, ಬಿಸಿಲಲ್ಲಿ ಹರಡಿದ್ದ ಸೋಲಾರ್ ಹಾಳೆ ಕಾಣಿಸುತ್ತಿಲ್ಲ! ನೋಡಿದರೆ ಅದು ಮರದ ನೆರಳಲ್ಲಿ, ಅಂಚಿಗೆ ಅಂಚು ಕೂಡಿಸಿ, ಹೊಸ ಅಂಗಿಯ ಹಾಗೆ ಮಡಚಿ ಕೂತಿತ್ತು.

“ನೆಲದ ಮೇಲೆ ಬಿದ್ದಿತ್ತಲ್ಲೋ, ಮಡಚಿಟ್ಟೆ,” ಅಂದಳು ಕೌಂಟರಿನಲ್ಲಿ ಬಟ್ಟೆಗೆ ಚೀಟಿ ಚುಚ್ಚುವ ಅಕ್ಕ. ಅವಳ ತಪ್ಪೇನೂ ಇಲ್ಲ. ಬೆಳಗಿಂದ ಸಂಜೆವರೆಗೆ ಮಡಚುವ ಕೈಗಳಿಗೆ ಹರಡಿದ್ದು ಕಂಡರೆ ತುರಿಕೆ ಹತ್ತುತ್ತದೆ. ಫ್ಯೂಸ್ ಹಾಳೆ ಹರಡಿ ಬಂದ. ಅಷ್ಟರಲ್ಲಿ ಡಬ್ಬದ ಮೇಲೆ ಕೆಟಲ್ ಗುಳುಗುಳು ಅನ್ನುತ್ತಿತ್ತು. ಅಂಕಿ ಎಂಬತ್ತು ಚಿಲ್ಲರೆಗೆ ಇಳಿದಿತ್ತು.

ಪ್ಲಗ್ಗು ಕಿತ್ತೆಸೆದು ಬಂದಾಗ ಹಾಳೆ ಮತ್ತೆ ಮಾಯ. ಈ ಸಲ ಮಡಚಿದ್ದು ಇಸ್ತ್ರಿ ಅಣ್ಣ. ಅವನು ಮಡಚಿದ್ದರ ಮೇಲೆ ಒಂದು ಕಲ್ಲನ್ನೂ ಇಟ್ಟಿದ್ದ, ಮಡಿಕೆ ಚೆನ್ನಾಗಿ ಕೂರಲಿ ಅಂತ.

“ಅದನ್ನ ಮುಟ್ಟಬೇಡಿ!” ಫ್ಯೂಸ್ ಚೀರಿದ. ಕೊಕ್ಕರೆಗಳು ಎದ್ದು ಹಾರಿದವು.

“ಏನು ದರ್ಪನೋ ಇವನದು!” ಇಸ್ತ್ರಿ ಅಣ್ಣ ಮುಖ ಊದಿಸಿಕೊಂಡ. “ಡಬ್ಬ ನಿಮ್ಮಪ್ಪನ ಆಸ್ತಿ ಏನು?”

ಕಾರಣ ಹೇಳೋಣವೆಂದರೆ ಬಾಯಿಗೆ ಬೀಗ. ಇವರಿಗೆಲ್ಲ ಏನು ಗೊತ್ತು, ಒಂದು ಮನುಷ್ಯಪ್ರಾಣ ಈ ಅಂಕಿಯ ತುದಿಯಲ್ಲಿ ನೇತಾಡುತ್ತಿದೆ ಅಂತ! ಫ್ಯೂಸ್ ಕಾವಿಗೆ ಕೂತ ಕೋಳಿಯ ಹಾಗೆ ಡಬ್ಬದ ಮೇಲೇ ಕುಕ್ಕರಿಸಿದ. ಊಟಕ್ಕೂ ಏಳಲಿಲ್ಲ. ಅಕ್ಕ ಕೆರೆಯಲ್ಲಿ ಮುಳುಗಿ ಬಂದು, ಕೂದಲಿಂದ ನೀರು ತೊಟ್ಟಿಕ್ಕಿಸುತ್ತ, ಕೂದಲು ಒಣಗಿಸುವ ಮಿಷನ್ ಹಿಡಿದು ಎದುರಿಗೆ ನಿಂತು ಸೀನಿದಳು.

“ಬಿಸಿಲಿದೆಯಲ್ಲಕ್ಕಾ.”

“ಬಿಸಿಲಲ್ಲಿ ತಲೆನೋವು. ಏಳೋ ತಮ್ಮಾ, ಎರಡು ನಿಮಿಷ. ಜ್ವರ ಬಂದ್ರೆ ನನ್ನ ಮಕ್ಕಳನ್ನ ನೀನು ಸಾಕ್ತೀಯಾ?”

ಅಷ್ಟು ಹೇಳಿದ ಮೇಲೆ ಏಳದಿರಲು ಅವನೇನು ಕಲ್ಲೇ? ಎರಡು ನಿಮಿಷ ಅಂದವಳ ಕೂದಲು ಸೊಂಟದವರೆಗೆ ಇತ್ತು. ಅಂಕಿ ಅರ್ಧಕ್ಕೆ ಬಂತು. ಇನ್ನೂ ಸಾಕು, ಬರೀ ಊದುವುದಾದರೆ ಸಾಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತ, ಬೆವರು ಒರೆಸಿಕೊಳ್ಳುತ್ತ ಕೂತ.

ಆಗ ಮಾಲೀಕರೇ ಬಂದರು, ಕೈಯಲ್ಲಿ ಒಂದು ಬಿಳಿ ಅಂಗಿ ಹಿಡಿದು. ಊರಲ್ಲಿ ಯಾರ ಬಟ್ಟೆಯಲ್ಲಿ ಸುಕ್ಕು ಕಂಡರೂ ತಮ್ಮ ಮರ್ಯಾದೆಯೇ ಹೋಯಿತು ಅಂದುಕೊಳ್ಳುವ ಮನುಷ್ಯ ಅವರು.

“ಕೆರೆ ಮುಂದೆ ಒಂದು ಫೋಟೊ ತೆಗೆಸ್ಕೋಬೇಕು. ಚೀಲದಲ್ಲಿ ಸುಕ್ಕಾಗಿದೆ ನೋಡು. ಇಸ್ತ್ರಿ ಹಾಕಿಸು.”

ಇಸ್ತ್ರಿ ಅಣ್ಣ ಆಗಲೇ ಇಸ್ತ್ರಿಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಕೆರೆ ದಂಡೆಗೂ ಅದನ್ನು ಹೊತ್ತು ತಂದಿದ್ದ ಪುಣ್ಯಾತ್ಮ.

“ಸಾರ್, ರಾತ್ರಿಗೆ...” ಫ್ಯೂಸ್ ಪಿಸುಗುಟ್ಟಿದ.

“ರಾತ್ರಿಗೇನು?” ಮಾಲೀಕರು ಗಟ್ಟಿಯಾಗಿ ಕೇಳಿದರು. ಎಲ್ಲರ ಕಿವಿಯೂ ಇತ್ತ ತಿರುಗಿತು. ಅವರ ಬೆನ್ನ ಹಿಂದೆ ಹೆಂಡತಿ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಅಗಲಿಸಿದರು.

“ರಾತ್ರಿಗೆ... ಲೈಟು ಬೇಕಲ್ಲ ಸಾರ್.”

“ನಾವು ಬಂದಿರೋದೇ ಕತ್ತಲೆ ನೋಡೋಕಪ್ಪ! ಏಳು, ಏಳು.”

ಕೊಡದಿದ್ದರೆ ಇವತ್ತೇ ಕೆಲಸ ಹೋಗುತ್ತದೆ. ಕೊಟ್ಟರೆ ರಾತ್ರಿ ಮಾಲೀಕರೇ ಹೋಗುತ್ತಾರೆ. ಮಾಲೀಕರು ಹೋದರೆ ಖಾಯಂ ಮಾಡುವವರು ಯಾರು? ಎತ್ತ ತಿರುಗಿದರೂ ಗೋಡೆ. ಫ್ಯೂಸ್ ಎದ್ದ.

ಇಸ್ತ್ರಿ ಅಣ್ಣ ಕಾಲರಿನಿಂದ ಶುರುಮಾಡಿದ. ತೋಳು, ಬೆನ್ನು, ಜೇಬು. “ಬೇಗ ಅಣ್ಣಾ,” ಎಂದು ಫ್ಯೂಸ್ ಗೋಗರೆದ. “ಕೆಲಸ ಅಂದ್ರೆ ಕೆಲಸ,” ಎಂದು ಅವನು ಮಾಲೀಕರ ಪ್ಯಾಂಟಿಗೆ ಹೋದ, ಕರವಸ್ತ್ರಕ್ಕೆ ಹೋದ, ಕಾದ ಪೆಟ್ಟಿಗೆ ಸುಮ್ಮನೆ ಯಾಕೆ ಆರಬೇಕೆಂದು ಟೆಂಟಿನ ಬಾಗಿಲಿಗೂ ಒಂದು ಸಲ ಎಳೆದ. ಟೆಂಟು ಚುಂಯ್ ಎಂದು ಪೆಟ್ಟಿಗೆಗೆ ಅಂಟಿಕೊಂಡು, ಇಷ್ಟಗಲ ಕಿಟಕಿ ಆಯಿತು.

“ಗಾಳಿ ಬರ್ಲಿ ಬಿಡಿ,” ಅಂದ ಡ್ರೈವರ್.

ಹೊತ್ತು ಮುಳುಗುವಾಗ ಅಂಕಿ ಎಂಟು. ಹಸಿರಿದ್ದದ್ದು ಕೆಂಪಾಗಿ ಮಿಟುಕುತ್ತಿತ್ತು. ಸೋಲಾರ್ ಹಾಳೆಯನ್ನು ಯಾರೋ ಮಡಚಿ, ಮಾಲೀಕರ ಪ್ಯಾಂಟಿನ ಜೊತೆ ಕಟ್ಟಿಟ್ಟಿದ್ದರು.

ಇನ್ನು ಅಮ್ಮಾವ್ರ ಕಾಲು ಹಿಡಿಯುವುದೊಂದೇ ಉಳಿದದ್ದು. ಫ್ಯೂಸ್ ಡಬ್ಬ ಹೊತ್ತು, ಮಾಲೀಕರ ಟೆಂಟಿನ ಹಿಂಬದಿಗೆ ಕಳ್ಳನ ಹಾಗೆ ಸರಿದ. ಅಲ್ಲಿ ಆಗಲೇ ಡ್ರೈವರ್ ನಿಂತಿದ್ದ, ಕಂಬಳಿಯಲ್ಲಿ ಏನನ್ನೋ ಸುತ್ತಿಕೊಂಡು.

“ಏನಣ್ಣ ಅದು?”

“ದಿಂಬು.”

ಆ ಕಡೆಯಿಂದ ಅಕ್ಕ ಬಂದಳು, ಕಂಬಳಿ ಸುತ್ತಿದ ಇನ್ನೊಂದು ದಿಂಬಿನೊಂದಿಗೆ. ಅವಳ ಹಿಂದೆ ಇಸ್ತ್ರಿ ಅಣ್ಣ, ಅಚ್ಚುಕಟ್ಟಾಗಿ ಮಡಚಿದ ಕಂಬಳಿಯೊಳಗೆ ಮೂರನೆಯದು. ಕತ್ತಲಲ್ಲಿ ಅಣ್ಣ ಎಡವಿದ. ಕಂಬಳಿ ಜಾರಿತು. ಒಳಗಿಂದ ಹಸಿರು ಅಂಕಿ ಮಿನುಗಿತು: ನೂರು.

ಎಲ್ಲರೂ ಒಟ್ಟಿಗೆ ಮಾತಾಡಿದರು.

“ಯಾರಿಗೂ ಹೇಳ್ಬೇಡ ಅಂದಿದ್ರು ಅಮ್ಮಾವ್ರು, ಮಾಲೀಕರಿಗೆ ಉಸಿರಿನ...”

“ನನಗೂ ಹೇಳಿದ್ರು!”

“ನನಗೂನೂ! ಡ್ರೈಯರ್ ಹಿಂದೆ ಕರ್ಕೊಂಡು ಹೋಗಿ! ಖಾಯಂ ಮಾಡಿಸ್ತೀನಿ ಅಂತ!”

ಫ್ಯೂಸ್ ತನ್ನ ಡಬ್ಬವನ್ನು ನೆಲಕ್ಕೆ ಕುಕ್ಕಿದ. “ನಿಮ್ಮ ನಿಮ್ಮ ಡಬ್ಬ ಇಟ್ಕೊಂಡು ಬೆಳಗಿಂದ ನನ್ನದಕ್ಕೆ ಯಾಕ್ರಪ್ಪಾ ಚುಚ್ಚಿದ್ರಿ?”

ಅಕ್ಕ ಅವನನ್ನು ಎಳೆಮಗುವನ್ನು ನೋಡುವ ಹಾಗೆ ನೋಡಿದಳು. “ನಮ್ಮದರಲ್ಲಿ ಕೂದಲು ಒಣಗಿಸೋಕಾಗುತ್ತೇನೋ? ಅದು ಮಾಲೀಕರ ಉಸಿರು!”

ಗಲಾಟೆಗೆ ಮಾಲೀಕರು ಹೊರಬಂದರು. ಕೈದೀಪದ ಬೆಳಕಲ್ಲಿ ಅವರ ಅಂಗಿ ಹೊಸ ಗೋಡೆಯ ಹಾಗೆ ಹೊಳೆಯುತ್ತಿತ್ತು. ಹೆಂಡತಿ ತಲೆ ತಗ್ಗಿಸಿ, “ಒಬ್ಬನನ್ನ ನಂಬಿ ಕೂರೋಕಾಗುತ್ತಾ? ಅದಕ್ಕೇ ಎಲ್ಲರಿಗೂ ಹೇಳಿದ್ದೆ,” ಅಂದರು. ಮಾಲೀಕರ ಮುಖ ಒಮ್ಮೆ ಕೆಂಪಾಯಿತು. ಆದರೆ ತಮ್ಮ ಉಸಿರಿಗಾಗಿ ಇಷ್ಟು ಜನ ಡಬ್ಬ ಹೊತ್ತು ನಿಂತದ್ದು ಕಂಡು ಕಣ್ಣು ತೇವವಾಯಿತು. ಒಗೆದು ಬಂದ ಬಟ್ಟೆ ಪರೀಕ್ಷಿಸುವ ಹಾಗೆ ಒಂದೊಂದೇ ಡಬ್ಬವನ್ನು ಬಗ್ಗಿ ನೋಡಿದರು. ನೂರು. ನೂರು. ನೂರು. ಎಂಟು.

“ಇದು ಯಾರದ್ದು?”

ಉಳಿದವರು ಮೆಲ್ಲಗೆ ಪಕ್ಕಕ್ಕೆ ಸರಿದರು.

“ಅಲ್ಲಪ್ಪ ಫ್ಯೂಸೂ, ಬೆಳಗಿಂದ ಇದರ ಮೇಲೇ ಕೂತಿದ್ದೆಯಲ್ಲ. ಕೂತ್ಕೊಂಡೇ ಖಾಲಿ ಮಾಡಿದೆಯಾ?”

ಫ್ಯೂಸ್ ಬಾಯಿ ತೆರೆದ. ಉತ್ತರ ಕಣ್ಣೆದುರಿಗೇ ಇತ್ತು, ಮಾಲೀಕರ ಮೈಮೇಲೆ, ಒಂದು ಸುಕ್ಕೂ ಇಲ್ಲದೆ. ಬಾಯಿ ಮುಚ್ಚಿದ.

“ನಿಮ್ಮ ಮೂವರ ಖಾಯಂ ವಿಷಯ ಸೋಮವಾರ ಮಾತಾಡೋಣ,” ಎಂದು ಮಾಲೀಕರು ಉಳಿದವರ ಬೆನ್ನು ತಟ್ಟಿದರು. “ತುಂಬಿರೋ ಡಬ್ಬ ಮೂರು ಇವೆಯಲ್ಲ, ಒಂದು ನನಗೆ ಸಾಕು. ಇನ್ನೊಂದರಲ್ಲಿ ಎಲ್ಲರಿಗೂ ಚಹಾ ಕಾಯಿಸಿ. ಫ್ಯೂಸ್, ನೀನು ಲೋಟ ತೊಳಿ. ಅದಕ್ಕೆ ಮುಂಚೆ ಆ ಖಾಲಿ ಡಬ್ಬಾನ ವ್ಯಾನಿಗೆ ಹಾಕು, ಕಾಲಿಗೆ ಅಡ್ಡ ಬರುತ್ತೆ.”

ವ್ಯಾನು ಕೆರೆ ಏರಿಯ ಆಚೆ ನಿಂತಿತ್ತು. ಫ್ಯೂಸ್ ಹಿಡಿಕೆ ಹಿಡಿದು ಎತ್ತಿದ. ಹಿಂದೆ ಕೆಟಲ್ ಗುಳುಗುಳು ಅನ್ನುತ್ತಿತ್ತು, ಎಲ್ಲರೂ ನಗುತ್ತಿದ್ದರು. ಒಳಗಿದ್ದ ಕರೆಂಟೆಲ್ಲ ಖಾಲಿಯಾಗಿದ್ದರೂ ಹಾಳಾದ ಡಬ್ಬದ ಭಾರ ಮಾತ್ರ ಒಂದು ಚೂರೂ ಇಳಿದಿರಲಿಲ್ಲ.